ದಿಣ್ಣೆಯ ಮಣ್ಣು

ಬೆಳಿಗ್ಗೆ ಕೆರೆ ಏರಿಯ ಬುಡದಲ್ಲಿ ಬೆರಳುಗಾತ್ರ ಜಿನುಗುತ್ತಿದ್ದ ನೀರು, ಬಿಸಿಲೇರುವ ಹೊತ್ತಿಗೆ ತೊಡೆಗಾತ್ರವಾಗಿ ಕೆಂಪಗೆ ನುಗ್ಗತೊಡಗಿತು. ತಿಮ್ಮರಾಜು ಮತ್ತು ಕಲ್ಲುಗಟ್ಟದ ಗಂಡಸರು ಮರಳಿನ ಮೂಟೆ ಒಡ್ಡಿದಷ್ಟೂ ಅದು ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತಿತ್ತು. ಕೆಳಗೆ ಊರಿನ ಭತ್ತವೆಲ್ಲ ತೆನೆಯ ಹೊಡೆ ತುಂಬಿ ನಿಂತಿತ್ತು.

ಫೋನು ಮಾಡಿದರೆ ನಾಗಮಂಗಲದ ತಾಲ್ಲೂಕು ಕಚೇರಿಯವರು ಏರಿ ಕೆ.ಆರ್. ಪೇಟೆಗೆ ಸೇರುತ್ತದೆ ಅಂದರು, ಕೆ.ಆರ್. ಪೇಟೆಯವರು ನಾಗಮಂಗಲದ್ದು ಅಂದರು. ಮಾತು ಹಳೆಯದೇ. ಕೆರೆಯ ಮೇಲಿನ ಹುಣಸೆಕೊಪ್ಪಲು ಒಂದು ತಾಲ್ಲೂಕು, ಕೆಳಗಿನ ಕಲ್ಲುಗಟ್ಟ ಇನ್ನೊಂದು. ಕೋಡಿ ಎತ್ತರಿಸಿದರೆ ಅವರ ಹೊಲ ಮುಳುಗುತ್ತದೆ, ತಗ್ಗಿಸಿದರೆ ಇವರ ಗದ್ದೆ ಒಣಗುತ್ತದೆ. ಗಡಿ ಯಾವುದೆಂದು ಅಜ್ಜಂದಿರ ಕಾಲದಿಂದಲೂ ತೀರ್ಮಾನವಾಗಿರಲಿಲ್ಲ. ಹಿಂದೊಂದು ಮಳೆಗಾಲ ಕೋಡಿಯ ಮೇಲೆ ಎರಡೂ ಊರು ಬಡಿದಾಡಿಕೊಂಡಾಗ, ತಿಮ್ಮರಾಜು ಬೀಸಿದ ಗುದ್ದಲಿ ಕಾವು ಅವನ ಹೆಂಡತಿ ದ್ಯಾವಮ್ಮನ ಅಣ್ಣ, ಹುಣಸೆಕೊಪ್ಪಲಿನ ಮರಿಸ್ವಾಮಿಯ ಮೊಳಕೈ ಮುರಿದಿತ್ತು. ಅವತ್ತಿನಿಂದ ದ್ಯಾವಮ್ಮನಿಗೆ ತವರಿನಿಂದ ಗೌರಿಹಬ್ಬದ ಬಾಗಿನವೂ ಬಂದಿರಲಿಲ್ಲ.

"ಮರಳು ನಿಲ್ಲಕಿಲ್ಲ. ಜೇಡಿಮಣ್ಣೇ ಬೇಕು," ಎಂದ ತಿಮ್ಮರಾಜು.

ಅದು ಹತ್ತಿರದಲ್ಲಿದ್ದದ್ದು ಮರಿಸ್ವಾಮಿಯ ದಿಣ್ಣೆಯಲ್ಲಿ ಮಾತ್ರ. ಮೂಟೆಗೆ ಮರಳು ತುಂಬುತ್ತಿದ್ದ ದ್ಯಾವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿ ಹತ್ತಿದಳು.

"ಎಲ್ಗೆ ಒಂಟ್ಬುಟ್ಟೆ?"

"ನಮ್ಮಣ್ಣನ ಮನ್ಗೆ."

ತಿಮ್ಮರಾಜು ತಡೆಯಲಿಲ್ಲ.

ಮರಿಸ್ವಾಮಿ ಜಗಲಿಯ ಮೇಲೆ ಕೂತಿದ್ದ. ಅವನ ತಲೆ ಪೂರ್ತಿ ನರೆತಿತ್ತು. ನೀರಿನ ಚೊಂಬು ಹಿಡಿದು ಬಂದ ಅತ್ತಿಗೆ ಗಂಡನ ಮುಖ ನೋಡಿ ಬಾಗಿಲಲ್ಲೇ ನಿಂತಳು.

"ಏರಿ ಒಡೀತಾ ಅದೆ ಕಣಣ್ಣ. ನಿನ್ ದಿಣ್ಣೆ ಮಣ್ಣು ಬೇಕು."

"ಒಡುದ್ರೆ ನನ್ ಮುಳುಗೋಗಿರೋ ಒಲ ಮೇಲಕ್ ಬತ್ತದೆ. ಗೊತ್ತಾ ನಿಂಗೆ?"

"ಗೊತ್ತಿದ್ದೇ ಬಂದಿವ್ನಿ."

"ನಿನ್ ಗಂಡ ಕಳ್ಸುದ್ನಾ?"

"ಇಲ್ಲ. ಬ್ಯಾಡ ಅಂತ್ಲೂ ಅನ್ನಲಿಲ್ಲ."

ಮರಿಸ್ವಾಮಿ ಕೆರೆಯ ಕಡೆ ನೋಡಿದ. ಗಂಡಸರ ಕೂಗು ಅಲ್ಲಿಗೂ ಕೇಳುತ್ತಿತ್ತು. "ನೀರು ಕುಡ್ಕೊಂಡೋಗು," ಎಂದು ಎದ್ದು ಒಳಗೆ ನಡೆದುಬಿಟ್ಟ. ಅತ್ತಿಗೆ ಚೊಂಬು ಕೊಟ್ಟಳು. ಅಷ್ಟರಲ್ಲಿ ಹಿತ್ತಲಲ್ಲಿ ಟ್ರಾಕ್ಟರು ಸ್ಟಾರ್ಟಾದ ಸದ್ದು ಕೇಳಿಸಿತು.

ಮಧ್ಯಾಹ್ನಕ್ಕೆ ಹುಣಸೆಕೊಪ್ಪಲಿನ ಇನ್ನಷ್ಟು ಟ್ರಾಕ್ಟರುಗಳು ದಿಣ್ಣೆಯ ಮಣ್ಣು ಹೇರಿಕೊಂಡು ಅವನ ಹಿಂದೆ ಏರಿಗೆ ಬಂದವು. "ಅವರ್ಗ್ಯಾಕ್ಲಾ ಮಣ್ಣು?" ಎಂದು ಅವನ ಊರಿನವನೊಬ್ಬ ಕೇಳಿದ್ದಕ್ಕೆ, "ಕೆರೇಲಿ ನೀರಿದ್ರೆ ತಾನೆ ಕಣ್ಲಾ ನಮ್ ಬೋರಲ್ಲೂ ನೀರು?" ಎಂದ ಮರಿಸ್ವಾಮಿ, ತಂಗಿಯ ಕಡೆ ತಿರುಗದೆ. ಹಾಕಿದ ಮಣ್ಣನ್ನು ಎರಡೂ ಊರಿನವರು ತುಳಿದು ಗಟ್ಟಿ ಮಾಡಿದರು. ಸಂಜೆಯ ಹೊತ್ತಿಗೆ ಜಿನುಗುವುದೂ ನಿಂತಿತು.

ತಿಮ್ಮರಾಜು ಕೆಸರುಗೈ ಒರೆಸಿಕೊಳ್ಳುತ್ತ ಟ್ರಾಕ್ಟರಿನ ಹತ್ತಿರ ಹೋದ. ಟೈರಿನ ಕಡೆ ನೋಡುತ್ತ ಹೇಳಿದ.

"ಮನೆತಕ ಬಾ ಬಾವ. ಉಂಡ್ಕೊಂಡು ಓಗೀವಂತೆ."

ಮರಿಸ್ವಾಮಿ ಇಂಜಿನ್ ಆರಿಸಿ ಕೆಳಗಿಳಿದ.

ಒಲೆಯ ಮುಂದಿದ್ದ ದ್ಯಾವಮ್ಮನಿಗೆ, ಹೊರಗೆ ಇಬ್ಬರು ಒಂದೇ ಬಕೆಟ್ಟಿನಿಂದ ಮೊಗೆದು ಕಾಲು ತೊಳೆಯುತ್ತಿರುವುದು ಬಾಗಿಲಿಂದ ಕಾಣಿಸಿತು. ಕುದಿಯುತ್ತಿದ್ದ ಎಸರಿಗೆ ಅವಳು ಇನ್ನೊಂದು ಬೊಗಸೆ ರಾಗಿಹಿಟ್ಟು ಸುರಿದಳು.