ಸಡಿಲ ಕಟ್ಟು

ರಾಮನಗರ ದಾಟಿ ಮಾಗಡಿ ರಸ್ತೆಗೆ ಬೀಳುವಷ್ಟರಲ್ಲೇ ಅದ್ನಾನನ ಕೈ ಸೋತಿತ್ತು. ಕಾಲಲ್ಲ, ಕೈ. ಸೈಕಲ್ಲಿನ ಹಿಂದೆ ನೀರಿನ ಕ್ಯಾನು. ಮುಂದಿನ ಚಕ್ರದ ಎರಡೂ ಮಗ್ಗುಲಿಗೆ ಒಂದೊಂದು ಚೀಲ: ಒಂದರಲ್ಲಿ ಸ್ಪ್ಯಾನರು, ಪಂಪು, ಟ್ಯೂಬು, ಇನ್ನೊಂದರಲ್ಲಿ ಬೆಂಗಳೂರಿಂದ ಬಂದ ನಾಲ್ವರ ಬಟ್ಟೆಬರೆ. ಹ್ಯಾಂಡಲ್ಲು ಎಡಕ್ಕೆ ತಿರುಗಿಸಿದರೆ ಚೀಲಗಳು ಬಲಕ್ಕೆ ತೊನೆಯುತ್ತಿದ್ದವು, ಅವುಗಳ ಹಿಂದೆ ಹ್ಯಾಂಡಲ್ಲೂ ಹೊರಳುತ್ತಿತ್ತು.

ಆ ನಾಲ್ವರು ತಮ್ಮ ತಮ್ಮ ಸೈಕಲ್ ತುಳಿಯುತ್ತ ಬರಿಗೈಯಲ್ಲಿ ಮುಂದೆ ಹೋಗಿಯಾಗಿತ್ತು. ದುಡ್ಡು ತಗೊಂಡು ಅವರನ್ನು ಸೈಕಲ್ಲಿನಲ್ಲಿ ಸುತ್ತಾಡಿಸುವ ಮನು ಬೆಳಿಗ್ಗೆಯೇ ಹೇಳಿದ್ದ: “ಲಗೇಜೂ ಸೈಕಲ್ ಮೇಲೇ ಬಂದ್ರೆ ಗೆಸ್ಟ್‌ಗಳಿಗೆ ಖುಷಿ. ಆಗಲ್ಲ ಅನ್ನಿಸಿದ್ರೆ ಫೋನ್ ಮಾಡು, ಹಿಂದೆ ವ್ಯಾನ್ ಬರ್ತಿರುತ್ತೆ. ಆದ್ರೆ ಒಂದ್ಸಲ ವ್ಯಾನಿಗೆ ಹಾಕಿದ್ರೆ ಮುಂದಿನ ವಾರದಿಂದ ವ್ಯಾನೇ ಸಾಕು. ನೀನ್ಯಾಕೆ ಹೇಳು?”

ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಅದ್ನಾನ್. ಆರು ವರ್ಷದಿಂದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಕಟ್ಟಿ, ಹೊತ್ತು, ಇಳಿಸಿದ್ದ. ಅಲ್ಲಿ ಅವನ ಹೆಸರು ‘ಏಯ್’. ಸೈಕಲ್ ರಿಪೇರಿ ತಾನೇ ನೋಡಿ ಕಲಿತದ್ದು. ಇವತ್ತು ಮಾಗಡಿ ಮುಟ್ಟಿದರೆ ಪ್ರತಿ ವಾರವೂ ಮೆಕ್ಯಾನಿಕ್ ಕೆಲಸ. ತಿರುಗುವವರ ಖುಷಿಗೆ ತನ್ನ ಭುಜ ಕೀಳಬೇಕಲ್ಲ ಎಂದು ಹಲ್ಲು ಕಡಿಯುತ್ತಲೇ ಪೆಡಲ್ ತುಳಿದ.

ಇಳಿಜಾರಿನಲ್ಲಿ ಬಟ್ಟೆಯ ಚೀಲ ಜೋಲಿ ಹೊಡೆದು ಚಕ್ರದೊಳಗೆ ನುಗ್ಗಿತು. ಸೈಕಲ್ ನಿಂತಿತು, ಅವನು ನಿಲ್ಲಲಿಲ್ಲ. ಮೊಣಕಾಲು ತರಚಿತು, ಚಕ್ರದ ಒಂದು ಕಡ್ಡಿ ಬಾಗಿತು. ಚೀಲ ಎಳೆದು ಹಾಕಿ ರಸ್ತೆ ಬದಿಯಲ್ಲಿ ಕೂತ. ಬೆಳಿಗ್ಗೆ ಅಷ್ಟು ಹೊತ್ತು ಕೂತು ಕಟ್ಟಿದ್ದು ಹೀಗಾಯಿತಲ್ಲ. ಎದ್ದು ನಿಲ್ಲುವುದಕ್ಕೂ ಬೇಜಾರು. ಜೇಬಿಂದ ಫೋನು ತೆಗೆದ.

ಎದುರಿಂದ ಬಂದ ಮೊಪೆಡ್ ನಿಂತಿತು. ಮಾರುಕಟ್ಟೆಯಲ್ಲಿ ದಿನಾ ನೋಡುವ ರೇಷ್ಮೆ ಬೆಳೆಗಾರ, ತಿಪ್ಪಸಂದ್ರದ ಮುನಿರಾಮಯ್ಯ, ಹಿಂದೆ ಗೂಡಿನ ಮೂಟೆ, ಮಾರುಕಟ್ಟೆಗೆ ಹೊರಟಿದ್ದ.

“ಏನ್ಲಾ ಅದ್ನಾನು, ರೋಡು ಅಳೀತಿದ್ದೀಯಾ?”

“ನಿಮ್ ಪಾಡಿಗೆ ನೀವ್ ಹೋಗಿ ಯಜಮಾನ್ರೇ. ಮೊದ್ಲೇ ತಲೆ ಕೆಟ್ಟೈತೆ.”

ಮುನಿರಾಮಯ್ಯ ಹೋಗಲಿಲ್ಲ. ಬಗ್ಗಿ, ಇನ್ನೊಂದು ಚೀಲಕ್ಕೆ ಸುತ್ತಿ ಕಟ್ಟಿದ್ದ, ಹಳೇ ಟ್ಯೂಬು ಸೀಳಿದ ರಬ್ಬರ್ ಪಟ್ಟಿಯೊಳಗೆ ಬೆರಳು ತೂರಿಸಿದ. ನಾಲ್ಕು ಬೆರಳೂ ಸಲೀಸಾಗಿ ಹೋದವು.

“ಯಾರ್ಲಾ ಕಟ್ಟಿದ್ದು?”

“ನಾನೇ.”

“ಅದ್ಕೇಯಾ. ಒಳಗೇನ್ ಗೂಡೈತಾ, ಒತ್ತುದ್ರೆ ಕೆಟ್ಟೋಗಕ್ಕೆ?”

ಅದ್ನಾನ್ ತನ್ನ ಕೈ ನೋಡಿಕೊಂಡ. ಗೂಡನ್ನು ಒತ್ತಿದರೆ ಒಳಗಿನ ಹುಳ ಒಡೆದು ನೂಲೆಲ್ಲ ಕಲೆ. ಗಾಳಿಯಾಡುವ ಹಾಗೆ ಕಟ್ಟೋ ಎಂದು ತಲೆ ಮೇಲೆ ಮೊಟಕಿ ಮೊಟಕಿ ಕಲಿಸಿದ್ದರು. ಸ್ಪ್ಯಾನರನ್ನೂ ಪ್ಯಾಂಟನ್ನೂ ಈ ಕೈ ಹಾಗೇ ಕಟ್ಟಿತ್ತು. ಆರು ವರ್ಷ ಹೊರಿಸಿದ ಮಾರುಕಟ್ಟೆ ಇಲ್ಲಿಗೂ ಬಂದು ಬೀಳಿಸಿತಲ್ಲ ಎಂದು ರೋಷ ಉಕ್ಕಿತು. ಫೋನು ಜೇಬಿಗೆ ವಾಪಸ್ಸು ಹೋಯಿತು.

“ಸಾಮಾನು ಎರಡ್ ಕಡೀಕೂ ಸಮ ಹಾಕು. ಭಾರದ್ದು ತಳಕ್ಕೆ. ಮಂಡಿ ಕೊಟ್ಟು ಎಳಿ, ಅದೇನ್ ಅಳಾಕಿಲ್ಲ,” ಎಂದು ಮುನಿರಾಮಯ್ಯ ತನ್ನ ಹತ್ತಿರವಿದ್ದ ಇನ್ನೊಂದು ಪಟ್ಟಿಯನ್ನೂ ಕೊಟ್ಟ. “ಮಾರ್ಕೆಟ್ನಲ್ಲಿ ಮಾತ್ರ ಹಿಂಗ್ ಬಿಗೀಬ್ಯಾಡ ಕಣಪ್ಪ, ನಾನ್ ಕೆಟ್ಟೋಯ್ತೀನಿ.”

ಅದ್ನಾನನಿಗೆ ನಗು ಬರಲಿಲ್ಲ, ಆದರೂ ಹಲ್ಲು ಬಿಟ್ಟ. ಕಡ್ಡಿ ನೆಟ್ಟಗೆ ಮಾಡಿ, ಸಾಮಾನು ಸಮ ಹಂಚಿ, ಚೀಲಗಳನ್ನು ಕಟ್ಟಿ ಎಳೆದ. ಇನ್ನೊಮ್ಮೆ ಎಳೆದ. ಹ್ಯಾಂಡಲ್ಲು ಭಾರವಾಗಿಯೇ ಇತ್ತು, ಆದರೆ ಹೇಳಿದ ಕಡೆ ತಿರುಗಿತು. ಏರು ಬಂದಲ್ಲಿ ಇಳಿದು ತಳ್ಳಿದ. ಬಿಸಿಲೇರಿತು. ಒಂದು ಕಡೆ ವ್ಯಾನು ಪಕ್ಕಕ್ಕೇ ಬಂದು ಹಾರ್ನ್ ಮಾಡಿತು. ಅವನು ತಿರುಗಿ ನೋಡಲಿಲ್ಲ.

ಮಾಗಡಿ ಮುಟ್ಟಿದಾಗ ನಾಲ್ವರೂ ಊಟ ಮುಗಿಸಿ, ಬೆವರಿನ ಬಟ್ಟೆಯಲ್ಲೇ ಕಾಯುತ್ತಿದ್ದರು. ಮನು ತಾನೇ ಬಂದು ಗಂಟಿಗೆ ಕೈ ಹಾಕಿದ. ಉಗುರು ಹಾಕಿದ, ಹಲ್ಲು ಹಾಕಿದ. ಗಂಟು ಅಲ್ಲಾಡಲಿಲ್ಲ.

“ಯಾರಪ್ಪಾ ಹಿಂಗೆ ಬಿಗಿದಿರೋದು?”

“ನಾನೇ.”

ಮನು ಅವನ ಮೊಣಕಾಲು ನೋಡಿದ, ಚೀಲ ನೋಡಿದ. “ನಾಳೆ ಆರಕ್ಕೆ ಕನಕಪುರ ಕಡೆ. ನೀನೇ ಕಟ್ಟು,” ಎಂದು ಗೆಸ್ಟ್‌ಗಳ ಕಡೆ ತಿರುಗಿದ. “ಒಂದ್ನಿಮಿಷ, ನಮ್ಮ ಮೆಕ್ಯಾನಿಕ್ ಬಿಚ್ಚಿ ಕೊಡ್ತಾನೆ.”

ಆ ಮಾತು ಕಿವಿಗೆ ಬಿತ್ತು. ಖುಷಿಪಡುವಷ್ಟು ತ್ರಾಣ ಮೈಯಲ್ಲಿರಲಿಲ್ಲ. ಅದ್ನಾನ್ ಗಂಟು ಬಿಚ್ಚಲು ಬಗ್ಗಿದ. ಬೆರಳುಗಳು ಇನ್ನೂ ಹ್ಯಾಂಡಲ್ಲು ಹಿಡಿದ ಹಾಗೇ ಮಡಿಚಿಕೊಂಡಿದ್ದವು. ಮೊದಲು ಅವನ್ನು ಒಂದೊಂದಾಗಿ ಬಿಡಿಸಿಕೊಂಡ.