ಬಳೆಯಮ್ಮನ ಮುಂದಿನ ದೀಪ

ಯಶೋದಾ ಮೊಬೈಲಿನಲ್ಲಿ ತೋರಿಸಿದ ತನ್ನೂರ ಕಲ್ಲಿನ ಫೋಟೋವನ್ನು ನಾನು ಅರ್ಧ ನಿಮಿಷವೂ ನೋಡಿರಲಿಲ್ಲ. "ಇದು ಮಾಸ್ತಿಕಲ್ಲು. ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಂಗಸಿನ ನೆನಪಿಗೆ ನಿಲ್ಲಿಸಿದ್ದು. ಮೇಲೆತ್ತಿದ ಕೈ, ಬಳೆ, ಇವೇ ಗುರುತು" ಎಂದು ತರಗತಿಗೆಲ್ಲ ಹೇಳಿಬಿಟ್ಟೆ. ಬಿ.ಎ. ಎರಡನೇ ವರ್ಷದವರೆಲ್ಲ ಬರೆದುಕೊಂಡರು.

ಮರುವಾರ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

"ಸಾರ್, ನೀವು ಹೇಳಿದ್ನ ಮನೇಲಿ ಹೇಳ್ಬಿಟ್ಟೆ. ನಮ್ಮಜ್ಜಿ ಬಳೆಯಮ್ಮಂಗೆ ದೀಪ ಹಚ್ಚೋದೇ ನಿಲ್ಸ್ಬಿಟ್ಟೈತೆ. ಊಟನೂ ಸರಿಯಾಗಿ ಮಾಡ್ತಿಲ್ಲ."

ಅವಳ ಊರು ಯಗಟಿಯಿಂದಾಚೆ. ಕೆರೆ ಏರಿಯ ಮೇಲಿನ ಆ ಕಲ್ಲಿಗೆ ಊರಿನವರು ಬಳೆಯಮ್ಮ ಎನ್ನುತ್ತಾರೆ. ಮದುವೆ ಗೊತ್ತಾದ ಹುಡುಗಿಯರು ಮೊದಲು ಅದರ ಮುಂದೆ ಹಸಿರು ಬಳೆ ಇಡುತ್ತಾರೆ. ಅಜ್ಜಿ ದ್ಯಾಮಮ್ಮ ಪ್ರತಿ ಶುಕ್ರವಾರ ದೀಪ ಹಚ್ಚುವವರು.

ನಾನು ಹಗಲು ಔಷಧಿ ಅಂಗಡಿಯಲ್ಲಿ ಡಾಕ್ಟರರ ಚೀಟಿ ಓದುತ್ತ, ಸಂಜೆ ಕಾಲೇಜಿನಲ್ಲಿ ಓದಿದವನು. ಒಂದಕ್ಷರ ತಪ್ಪಿದರೆ ಬೇರೆ ಮಾತ್ರೆ ಹೋಗುತ್ತದೆಂಬ ಹೆದರಿಕೆ ಇನ್ನೂ ಬಿಟ್ಟಿಲ್ಲ. ಕಡೂರಿನ ಈ ಪಾದ್ರಿಗಳ ಕಾಲೇಜಿಗೆ ಬಂದು ಏಳು ವರ್ಷವಾಯಿತು. ಬೆಳಗಿನ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಬೇಕೋ ಬಿಡಬೇಕೋ ಎಂಬುದೇ ನನಗೆ ಇನ್ನೂ ತಿಳಿದಿಲ್ಲ. ಇತಿಹಾಸದವರ ಕೆಲಸ ಪೂಜೆಯಲ್ಲ, ಪರಿಶೀಲನೆ ಎಂದು ಪ್ರತಿ ವರ್ಷ ಮೊದಲ ಪಾಠದಲ್ಲಿ ಹೇಳುತ್ತೇನೆ. ನಾನು ಪರಿಶೀಲಿಸಿದ್ದೆನೇ?

ಪ್ರಿನ್ಸಿಪಾಲ್ ಫಾದರ್ ಹತ್ತಿರ ಹೋಗಿ, "ತಪ್ಪು ಮಾಡಿದೆನಾ?" ಎಂದೆ.

"ಹೇಳಿದ್ದು ತಪ್ಪೋ ಸರಿಯೋ ನಂಗೆ ಗೊತ್ತಿಲ್ಲ. ನೋಡ್ದೆ ಹೇಳಿದ್ದು ತಪ್ಪು ಕಣ್ರೀ" ಎಂದರು.

ಭಾನುವಾರ ಬಸ್ಸು ಹತ್ತಿದೆ.

ಕಲ್ಲಿನ ಮೇಲೆ ಎಣ್ಣೆ, ಅರಿಶಿನ ಗಟ್ಟಿಯಾಗಿ ಕೂತಿದ್ದವು. ದ್ಯಾಮಮ್ಮ ಸೀಗೇಪುಡಿ ಕೊಟ್ಟರು. ಯಶೋದಾ ನೀರು ಹೊಯ್ದಳು, ನಾನು ಉಜ್ಜಿದೆ. ಮೊದಲು ಮೊಣಕೈ, ಆಮೇಲೆ ಸಾಲಾಗಿ ಬಳೆಗಳು, ಬೆರಳ ನಡುವೆ ಚಿತೆಯೇರುವವರು ಹಿಡಿಯುತ್ತಿದ್ದ ನಿಂಬೆಹಣ್ಣು. ನಾನು ಹೇಳಿದ್ದು ಸರಿಯಾಗಿಯೇ ಇತ್ತು. ತಪ್ಪಾಗಿರಲಪ್ಪಾ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದೆನೆಂದು ಆಗಲೇ ಗೊತ್ತಾಯಿತು.

"ದಿಟವೇನು ಮೇಷ್ಟ್ರೇ?"

"ದಿಟ, ಅಜ್ಜಿ."

"ಹೆಸರೇನಂತೆ?"

"ಬರೆದಿಲ್ಲ."

"ಹೆಸ್ರೂ ಬರೀಲಿಲ್ವಾ, ಹಾಳಾದೋರು." ಅವರು ಏರಿಯ ಮೇಲೆ ಕೂತುಬಿಟ್ಟರು. "ಬೆಂಕೀಲಿ ಬೆಂದೋಳ ಮುಂದೆ ಅರವತ್ತು ವರ್ಷ ಬೆಂಕಿ ಹಿಡಿದ್ನಲ್ಲ. ಮುತ್ತೈದೆತನ ಬೇರೆ ಕೇಳ್ದೆ. ಅದೆಷ್ಟು ಹೆದರ್ಕಂಡಿತ್ತೋ ಕೂಸು. ಈಗ ಹೇಳಿ, ದೀಪ ಹಚ್ಲೋ ಬ್ಯಾಡ್ವೋ?"

ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಹಚ್ಚಿ ಎಂದರೆ ನಾನು ಪೂಜೆ ಹೇಳಿಕೊಟ್ಟಂತೆ. ಬೇಡ ಎಂದರೆ ಅರವತ್ತು ವರ್ಷ ಅಳಿಸಿದಂತೆ.

"ನಂಗೆ ಗೊತ್ತಾಗ್ತಿಲ್ಲ ಅಜ್ಜಿ."

"ಓದ್ದೋರಿಗೇ ಗೊತ್ತಾಗಲ್ವಾ?" ದ್ಯಾಮಮ್ಮ ನಕ್ಕರು, ಅವರು ನಕ್ಕಿದ್ದು ಆ ವಾರದಲ್ಲಿ ಅದೇ ಮೊದಲಂತೆ. ಸೆರಗು ಸಿಕ್ಕಿಸಿ ಎದ್ದು, ಮೊಮ್ಮಗಳ ಕೈಯಿಂದ ಕೊಡ ಕಿತ್ತುಕೊಂಡು ನನ್ನ ಮುಂದೆ ಚಾಚಿದರು. "ಹಂಗಾದ್ರೆ ನೀರೇ ಹುಯ್ಯಾಣ. ತಣ್ಣಗಾದ್ರೂ ಆಗ್ಲಿ. ಮೊದಲ್ನೇ ಕೊಡ ನೀವೇ ಹುಯ್ಯಿ. ಸುದ್ದಿ ತಂದೋರು ನೀವಲ್ವಾ?"

ಹಿಂದಕ್ಕೆ ಸರಿಯುವಷ್ಟರಲ್ಲಿ ಕೊಡ ನನ್ನ ಕೈಯಲ್ಲಿತ್ತು. ಹೊಯ್ದೆ. ಕಣ್ಣು ಮುಚ್ಚಿದ್ದೆನೋ ಇಲ್ಲವೋ ನೆನಪಿಲ್ಲ. ಪ್ಯಾಂಟೆಲ್ಲ ಒದ್ದೆಯಾಯಿತು. ಬಟ್ಟೆ ಒಗೆಯಲು ಬಂದಿದ್ದ ಕರಿಬಸಮ್ಮ ಎಂಬವರು ಏನೆಂದು ಕೇಳಿ, ತಾವೂ ಕೆರೆಗಿಳಿದು ಒಂದು ಕೊಡ ತಂದು ಹೊಯ್ದರು. ದ್ಯಾಮಮ್ಮ ಮೊಮ್ಮಗಳಿಗೆ, "ಮುದ್ದೆಗೆ ನೀರಿಡು ಹೋಗೇ, ಮೇಷ್ಟ್ರೂ ಉಂಡ್ಕಂಡ್ ಹೋಗ್ಲಿ" ಎಂದರು.

ಮುಂದಿನ ವಾರ ಯಶೋದಾ ಬಳೆಯಮ್ಮನ ಮೇಲೆ ಬರೆದ ಅಸೈನ್‌ಮೆಂಟ್ ತಂದಳು. ಒಂದು ಸಾಲು ಖಾಲಿ ಬಿಟ್ಟಿದ್ದಳು.

"ಶುಕ್ರವಾರ ಒಂಬತ್ತು ಜನ ನೀರು ಹುಯ್ದ್ರು ಸಾರ್. ಈ ಪದ್ಧತಿ ಯಾವಾಗ ಶುರುವಾಯ್ತು ಅಂತ ಬರೀಲಿ?"

"ಅದರ ಹಿಂದಿನ ಭಾನುವಾರ ಅಂತ ಬರಿ."

"ಯಾರು ಶುರು ಮಾಡಿದ್ರು ಅಂತ?"

ಗಂಟೆ ಹೊಡೆಯಿತು. ನಾಳೆ ಹೇಳುತ್ತೇನೆ ಎಂದೆ.