ಮಂಗಳವಾರ ಪಾಸಾದ ಲಾರಿ

"ಬರ್ಲಿ, ಬರ್ಲಿ, ಹಿಂದೆ ಬರ್ಲಿ... ಲೇ, ಎಡಕ್ಕೆ ಹೊಡಿ! ಗೋಡೆ ನಿಮ್ಮಪ್ಪಂದಲ್ಲ!"

ಹತ್ತು ಚಕ್ರದ ಲಾರಿ ಓಣಿಯೊಳಗೆ ಹಿಮ್ಮುಖವಾಗಿ ಬರುತ್ತಿತ್ತು. ಸ್ಟೀರಿಂಗ್ ಹಿಡಿದವನು ಸತ್ತವರ ಹೆಂಡತಿಯ ತಮ್ಮ. ಹಿಂದೆ ನಿಂತು ಕೈ ಬೀಸುತ್ತಿದ್ದವನು ಅವನ ಜೊತೆಯ ಡ್ರೈವರ್. ಲಾರಿಯ ಬಾಲ ಎದುರು ಮನೆಯ ನೀರಿನ ಡ್ರಮ್ಮಿಗೆ ತಗುಲಿ ಅದು ಉರುಳಿತು. ನೀರು ಸಾವಿಗೆ ಬಂದವರ ಚಪ್ಪಲಿಗಳನ್ನೆಲ್ಲ ತೇಲಿಸಿಕೊಂಡು ಚರಂಡಿಯ ದಾರಿ ಹಿಡಿಯಿತು. ಕರಿ ಹೊಗೆ ಕಿಟಕಿಯಿಂದ ಒಳಗೆ ನುಗ್ಗಿತು. ಶವದ ಪೆಟ್ಟಿಗೆಯ ಸುತ್ತ ಕೂತಿದ್ದ ಹೆಂಗಸರು ಅಳು ನಿಲ್ಲಿಸಿ ಕೆಮ್ಮತೊಡಗಿದರು.

ಸತ್ತವರ ಹೆಂಡತಿ ಹೊರಗೆ ಬಂದಳು.

"ಈ ಪಿಶಾಚೀನ ಯಾರೋ ತರೋಕೆ ಹೇಳಿದ್ದು?"

ತಮ್ಮ ಕ್ಯಾಬಿನ್ನಿನಿಂದ ಇಳಿದ. "ಧಣಿ ಕಳ್ಸಿದ್ರು ಅಕ್ಕ. ಭಾವನ್ನ ನಮ್ಮ ಲಾರೀಲೇ ಕಳಿಸಿಕೊಡ್ಬೇಕು ಅಂತ."

"ನಲವತ್ತು ಲಾರಿ ಇಟ್ಕೊಂಡಿದಾನೆ ನಿನ್ನ ಧಣಿ. ಹೊಗೆ ಉಗುಳದೇ ಇರೋದು ಒಂದೂ ಸಿಗಲಿಲ್ವ?"

"ಹೊಸ ಹೊಗೆ ಚೀಟಿ ಇರೋದು ಇದಕ್ಕೊಂದಕ್ಕೇ. ಮಿಕ್ಕವೆಲ್ಲ ಅವಧಿ ಮುಗಿದು ಕೂತಿವೆ. ಸ್ಮಶಾನದ ಏರಿನ ಕೆಳಗೆ ತಪಾಸಣೆ ದಳದೋರು ಮೂರು ದಿನದಿಂದ ಠಿಕಾಣಿ ಹೂಡಿದಾರೆ. ಚೀಟಿ ಇಲ್ದಿದ್ರೆ ಹೆಣಾನೂ ಬಿಡಲ್ಲ."

"ನಿಲ್ಸು ಎಂಜಿನ್ನು. ಸತ್ತೋರಿಗಾದರೂ ಒಂದು ಗಳಿಗೆ ಒಳ್ಳೆ ಗಾಳಿ ಸಿಗಲಿ."

ಅವನು ಎಂಜಿನ್ ನಿಲ್ಲಿಸಿ ಚಪ್ಪಲಿ ಹುಡುಕಲು ಚರಂಡಿಯ ಕಡೆ ಹೋದ.

*

ಲಾರಿಯವರಿಗೆ ಸತ್ತವರ ಹೆಸರು ಬೇಕಿರಲಿಲ್ಲ. ಹೊಗೆ ಮೇಷ್ಟ್ರು ಅಂದರೆ ಸಾಕಿತ್ತು. ಊರಾಚೆಯ ತಪಾಸಣೆ ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷ ಅವರು ಲಾರಿಗಳ ಹೊಗೆ ಕೊಳವೆಗೆ ಮೆಷಿನ್ನಿನ ನಳಿಗೆ ತೂರಿಸಿಕೊಂಡು ಕೂತಿದ್ದರು. ಎಂಜಿನ್ ಚೆನ್ನಾಗಿ ಕಾಯಬೇಕು. ಆಮೇಲೆ ಡ್ರೈವರ್ ಆಕ್ಸಿಲರೇಟರನ್ನು ಒಂದೇ ಏಟಿಗೆ ನೆಲಕ್ಕೆ ಒತ್ತಿ ಬಿಡಬೇಕು. ಹಾಗೆ ಮೂರು ಸಲ. ಅರ್ಧಕ್ಕೇ ಒತ್ತಿ ಕಣ್ಣಿಗೆ ಮಣ್ಣೆರಚುವವರನ್ನು ಅವರು ಬರೀ ಸದ್ದಿನಲ್ಲೇ ಹಿಡಿಯುತ್ತಿದ್ದರು.

"ಪಾಠ ನುಂಗಬೇಡವೋ. ಪೂರ್ತಿ ಓದು."

"ಮೇಷ್ಟ್ರೇ, ಎರಡೇ ಎರಡು ಮಾರ್ಕು. ಕಣ್ಣು ಮುಚ್ಕೊಂಡು ಕೊಟ್ಬಿಡಿ."

"ಪರೀಕ್ಷೆ ಬರೀತಿರೋದು ನಿನ್ನ ಎಂಜಿನ್ನು. ಅದನ್ನ ಕೇಳು."

ಹೆಂಡತಿಯ ತಮ್ಮನ ಲಾರಿಯನ್ನೇ ಅವರು ನಾಲ್ಕು ಸಲ ಫೇಲು ಮಾಡಿದ್ದರು. ಅಕ್ಕ ಬಡಿಸಿದ ತಟ್ಟೆಯ ಮುಂದೆ ಅವನು ಮುಖ ಊದಿಸಿಕೊಂಡು ಕೂತರೆ, "ಮನೇಲಿ ಭಾವ, ಶೆಡ್ಡಲ್ಲಿ ಮೇಷ್ಟ್ರು. ಉಣ್ಣು" ಎನ್ನುತ್ತಿದ್ದರು.

ಆಮೇಲೆ ಧಣಿ ದೊಡ್ಡವನಾದ. ಲಾರಿಗಳ ಹೊಗೆ ಸೋಸುವ ಡಬ್ಬಿಗಳು ಕಟ್ಟಿಕೊಳ್ಳುತ್ತವೆ, ಡೀಸೆಲ್ ತಿನ್ನುತ್ತವೆ ಎಂದು ಅಷ್ಟನ್ನೂ ಬಿಚ್ಚಿಸಿ, ಕೊಳವೆಗೆ ಕೊಳವೆ ಬೆಸೆಸಿದ. ಆ ಲಾರಿಗಳು ಯಾವ ಪರೀಕ್ಷೆಯಲ್ಲೂ ಪಾಸಾಗುವಂತಿರಲಿಲ್ಲ. ಅದಕ್ಕೆಂದೇ ಒಂದು ಹೊಸ ಲಾರಿಯನ್ನು ಸಾಕಿದ. ಅದು ಸರಕು ಹೊರುತ್ತಿರಲಿಲ್ಲ, ರಸ್ತೆಗೂ ಇಳಿಯುತ್ತಿರಲಿಲ್ಲ. ದಿನಾ ಮಿಂದು ಒರೆಸಿಕೊಂಡು ಶೆಡ್ಡಿನ ಪಕ್ಕ ನಿಂತಿರುತ್ತಿತ್ತು. ಯಾವ ಲಾರಿಗೆ ಚೀಟಿ ಬೇಕೋ ಆ ಲಾರಿಯ ನಂಬರ್ ಪ್ಲೇಟನ್ನು ಇದಕ್ಕೆ ತಂತಿಯಲ್ಲಿ ಬಿಗಿದು, ಫೋಟೊ ಹೊಡೆದು, ನಳಿಗೆಯನ್ನು ಇದರ ಕೊಳವೆಗೆ ತೂರಿಸುವುದು. ಡ್ರೈವರುಗಳು ಅದಕ್ಕೆ ಮದುಮಗ ಅಂತ ಹೆಸರಿಟ್ಟರು. ಮದುಮಗ ಒಬ್ಬನೇ, ಮದುವೆ ನಲವತ್ತು ಎಂದು ನಕ್ಕರು.

ಮೇಷ್ಟ್ರು ಮೊದಲ ದಿನವೇ ನಳಿಗೆ ಕೆಳಗಿಟ್ಟು ಎದ್ದು ನಿಂತರು. ಶೆಡ್ಡಿನ ಸಾಹೇಬ ಜಗಳಕ್ಕೆ ಹೋಗಲಿಲ್ಲ. ಮೇಷ್ಟ್ರ ಪಾಸ್‌ವರ್ಡನ್ನು ತಾನು ಇಟ್ಟುಕೊಂಡು, ಅವರನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿದ, ಅಷ್ಟೆ. ಅಂದಿನಿಂದ ಮದುಮಗನ ಶುಭಕಾರ್ಯ ಸಾಹೇಬನ ಪಾಲಿಗೆ. ಬೇರೆಯವರ ಲಾರಿಗಳ ನಿಜವಾದ ಹೊಗೆ ಮೇಷ್ಟ್ರ ಪಾಲಿಗೆ. ಚೀಟಿಗಳ ಮೇಲೆ ಅಚ್ಚಾಗುತ್ತಿದ್ದ ಹೆಸರು ಮಾತ್ರ ಎಲ್ಲದರಲ್ಲೂ ಮೇಷ್ಟ್ರದೇ.

"ದೂರು ಕೊಡಿ" ಎಂದು ಹೆಂಡತಿ ಆರು ವರ್ಷ ಹೇಳಿದಳು.

"ಯಾರಿಗೆ? ದೂರು ತಗೊಳ್ಳೋನೂ ಆ ಸಾಹೇಬನೇ."

"ನಿಮ್ಮ ಬಾಯಿ ಇರೋದು ಹೊಗೆ ಒಳಗೆ ಹೋಗೋಕೆ ಮಾತ್ರ. ಮಾತು ಹೊರಗೆ ಬರೋಕಲ್ಲ."

ಆ ಮಾತನ್ನು ವಾಪಸು ತೆಗೆದುಕೊಳ್ಳಲು ಅವಳಿಗೆ ಪುರುಸೊತ್ತು ಸಿಗಲಿಲ್ಲ.

*

ಧಣಿ ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಹಿಂದೆ ಸಾಹೇಬ. ಇಬ್ಬರೂ ಪೆಟ್ಟಿಗೆಯ ಮುಂದೆ ಕೈ ಕಟ್ಟಿ ನಿಂತರು. ಓಣಿಯಲ್ಲಿ ನೆರೆದಿದ್ದ ಡ್ರೈವರುಗಳಿಗೆಲ್ಲ ಕೇಳುವಂತೆ ಧಣಿ, "ಎಂಥಾ ಮನುಷ್ಯ! ನನ್ನ ಒಡಹುಟ್ಟಿದೋರ ಥರ ಇದ್ರು" ಎಂದ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದ.

"ತಾಯಿ, ಸಾಹೇಬ್ರು ಒಂದು ಕಾಗದ ತಂದಿದಾರೆ. ಸಣ್ಣ ಕೆಲಸ."

ಸಾಹೇಬ ಕಾಗದ ಬಿಚ್ಚಿದ. ಕೋರ್ಟಿನಲ್ಲಿ ಟೈಪಿಸ್ಟಾಗಿದ್ದ ಮಗಳು ತಾಯಿಗಿಂತ ಮೊದಲು ಕೈ ಚಾಚಿ ಅದನ್ನು ತೆಗೆದುಕೊಂಡಳು. ಓದುತ್ತ ಓದುತ್ತ ಅವಳ ಮೂಗಿನ ಹೊಳ್ಳೆ ಅರಳಿತು.

"'ನನ್ನ ಪತಿಯವರು ಮೇಲಧಿಕಾರಿಗಳ ಗಮನಕ್ಕೆ ಬಾರದಂತೆ, ತಮ್ಮ ಸ್ವಂತ ಇಚ್ಛೆಯಿಂದ ಸುಳ್ಳು ಚೀಟಿಗಳನ್ನು ನೀಡಿರುತ್ತಾರೆ. ಸದರಿ ವಿಷಯವನ್ನು ಮರಣಕ್ಕೆ ಮುನ್ನ ನನ್ನಲ್ಲಿ ಒಪ್ಪಿಕೊಂಡಿರುತ್ತಾರೆ.' ಅಮ್ಮಾ, ಕೆಳಗೆ ನಿನ್ನ ಸೈನಿಗೆ ಜಾಗ ಬಿಟ್ಟಿದಾರೆ."

"ನೋಡಿ, ನಾಳೆ ದಳದೋರು ಶೆಡ್ಡಿಗೇ ಬರ್ತಾರೆ" ಎಂದ ಸಾಹೇಬ. "ಯಾರ ಮೇಲಾದ್ರೂ ಬರಲೇಬೇಕಲ್ಲ? ಸತ್ತೋರ ಮೇಲೆ ಕೇಸು ನಿಲ್ಲಲ್ಲ ತಾಯಿ. ಅವರಿಗೇನೂ ನೋವಾಗಲ್ಲ. ಬದುಕಿರೋರು ನಾಲ್ಕು ಜನ ಉಳ್ಕೋತೀವಿ."

"ಬದುಕಿದ್ದಾಗಲೂ ಅವರಿಗೆ ನೋವಾಗುತ್ತೆ ಅಂತ ನೀವು ಅಂದ್ಕೊಂಡಿರಲಿಲ್ಲವಲ್ಲ" ಎಂದಳು ಹೆಂಡತಿ.

ಧಣಿ ಅವಸರದಲ್ಲಿ, "ನಿಮ್ಮ ತಮ್ಮ ನನ್ನ ಹತ್ರಾನೇ ಅಲ್ವ ಇರೋದು? ಅವನ ಹೊಣೆ ನಂದು" ಎಂದ. ಮಾತು ಜೇನಿನಷ್ಟು ಸಿಹಿಯಾಗಿತ್ತು; ಜೇನಿನೊಳಗೆ ಮುಳ್ಳು ನಿಚ್ಚಳವಾಗಿ ಕಾಣುತ್ತಿತ್ತು.

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. "ಮೊದಲು ಮಣ್ಣಾಗಲಿ. ಆಮೇಲೆ ಸೈನು."

*

ಮಗಳು ಹೂವಿನ ಹಾರ ಕಟ್ಟಲು ಲಾರಿಯ ಮುಂದಕ್ಕೆ ಹೋದವಳು ಅಲ್ಲೇ ನಿಂತುಬಿಟ್ಟಳು. ಗಾಜಿನ ಮೂಲೆಯಲ್ಲಿ ಹೊಗೆ ಚೀಟಿ ಅಂಟಿಸಿತ್ತು. ಲಾರಿಯ ನಂಬರು. ಪಾಸು. ತಪಾಸಣೆ ಮಾಡಿದವರ ಹೆಸರು: ಅಪ್ಪನದು. ದಿನಾಂಕ: ಹೋದ ಮಂಗಳವಾರ. ಬೆಳಿಗ್ಗೆ ಹತ್ತೂ ನಲವತ್ತು.

ಪಾಸ್‌ವರ್ಡ್ ಯಾರದೋ ಅವರ ಹೆಸರನ್ನೇ ಮೆಷಿನ್ನು ಅಚ್ಚು ಹಾಕುತ್ತದೆ. ಆರು ವರ್ಷ ಅದೇ ರೂಢಿಯಾಗಿ, ಸಾಹೇಬ ಚೀಟಿಯ ಆ ಸಾಲನ್ನು ಓದುವುದನ್ನೇ ಬಿಟ್ಟಿದ್ದ.

ಹೋದ ಮಂಗಳವಾರ ಬೆಳಿಗ್ಗೆ ಅವಳು ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತಿದ್ದಳು. ಅಪ್ಪ ಹದಿನೈದು ದಿನದಿಂದ ಅಲ್ಲಿದ್ದರು. ಬಾಯಿಯೊಳಗೆ ಇಳಿಸಿದ್ದ ಕೊಳವೆಯನ್ನು ಅವರು ಎರಡು ಸಲ ಕಿತ್ತುಕೊಂಡಿದ್ದರಿಂದ, ನರ್ಸು ಬಂದು ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿದ್ದಳು. ಕಟ್ಟಿದ ಹೊತ್ತನ್ನು ಹಾಳೆಯಲ್ಲಿ ಬರೆದಳು. ಬಿಚ್ಚಿದ ಹೊತ್ತನ್ನೂ ಬರೆದಳು. ನಡುವಿನ ಆರು ತಾಸು ಅಪ್ಪ ಚಾವಣಿ ನೋಡುತ್ತ, ಬಲಗೈಯ ಹೆಬ್ಬೆರಳನ್ನು ಮಾತ್ರ ಆಡಿಸುತ್ತಿದ್ದರು. ಅದೇನು ಎಂದು ಅವಳಿಗೆ ಅರ್ಥವಾಗಿರಲಿಲ್ಲ. ಈಗಲೂ ಆಗಲಿಲ್ಲ.

ಅವಳು ತಾಯಿಯನ್ನು ಕರೆದು ಚೀಟಿ ತೋರಿಸಿದಳು. ತಾಯಿ ದಿನಾಂಕ ಓದಿದಳು. ಇನ್ನೊಮ್ಮೆ ಓದಿದಳು.

"ಕೀಳಲಾ ಅಮ್ಮ?"

"ಮುಟ್ಟಬೇಡ. ಹಾಗೇ ಅಂಟ್ಕೊಂಡಿರಲಿ. ಒಳಗೆ ಹೋಗಿ ಆಸ್ಪತ್ರೆ ಕಾಗದ ಅಷ್ಟೂ ತಾ. ನೀನು ನಿಮ್ಮ ಮಾಮನ ಪಕ್ಕ ಕೂತ್ಕೋ."

ತಮ್ಮನೂ ಚೀಟಿ ನೋಡಿದ. ಅವನ ಮುಖದ ಬಣ್ಣ ಇಳಿಯಿತು. "ಅಕ್ಕ, ಇದನ್ನ ದಳದೋರಿಗೆ ತೋರಿಸಿದ್ರೆ ನನ್ನ ಕೆಲಸ ಹೋಗುತ್ತೆ."

"ಹೋಗುತ್ತೆ."

"ನಲವತ್ತು ಜನದ್ದೂ ಹೋಗುತ್ತೆ."

"ತೋರಿಸದಿದ್ರೆ ನಿಮ್ಮ ಭಾವ ಕಳ್ಳ ಅಂತ ಮಣ್ಣಾಗ್ತಾರೆ. ನೀನೇ ಆಯ್ಕೋ."

ಅವನು ಟೈರಿಗೆ ಒದ್ದ. ಇನ್ನೊಮ್ಮೆ ಒದ್ದ. "ಸುಳ್ಳು ಪಾಸು ಕೊಟ್ಟೋರು ಅಂತಾರಾ ಅವರನ್ನ? ಹೆಂಡತಿ ತಮ್ಮ ಅಂತಾನೂ ನೋಡಲಿಲ್ಲ, ನಾಲ್ಕು ಸಲ ಫೇಲ್ ಮಾಡಿದ್ರಲ್ಲೇ ನನ್ನ!" ಎಂದು ಗೋಳೋ ಎಂದು ಅತ್ತು, ಅಳುತ್ತಲೇ ಕ್ಯಾಬಿನ್ನು ಹತ್ತಿದ.

*

ಪೆಟ್ಟಿಗೆ ಬಾಗಿಲಿಗೆ ಬಂದಾಗ ಹೆಂಡತಿ ಅಡ್ಡ ನಿಂತಳು.

"ಲಾರಿಗೆ ಹಾಕಬೇಡಿ. ಹೆಗಲ ಮೇಲೆ ಹೋಗಲಿ. ಧಣಿಗಳೇ ಹೇಳಿದ್ರಲ್ಲ, ಒಡಹುಟ್ಟಿದೋರ ಥರ ಅಂತ. ಅವರೂ ಸಾಹೇಬ್ರೂ ಮುಂದೆ ಹೆಗಲು ಕೊಡ್ತಾರೆ."

ಓಣಿ ತುಂಬ ಡ್ರೈವರುಗಳು. ಅಷ್ಟು ಜನರ ಕಣ್ಣು ಒಟ್ಟಿಗೆ ಬಿಳಿ ಅಂಗಿಯ ಮೇಲೆ ಬಿತ್ತು. ಧಣಿ ಅವಳ ಕೈಯಲ್ಲಿದ್ದ ಮಡಿಸಿದ ಕಾಗದವನ್ನು ನೋಡಿದ. ಸೈನು ಇನ್ನೂ ಆಗಿರಲಿಲ್ಲ.

"ಅಯ್ಯೋ, ಅದು ನನ್ನ ಭಾಗ್ಯ" ಎಂದು ಬಗ್ಗಿದ.

ಹಿಂದಿನ ಎರಡು ಮೂಲೆಗೆ ಇಬ್ಬರು ಡ್ರೈವರುಗಳು ಬಂದು, ಮುಖಕ್ಕೆ ಟವೆಲ್ ಬಿಗಿದುಕೊಂಡೇ ಹೆಗಲು ಕೊಟ್ಟರು. ಏನು ಬರಲಿದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಲಾರಿ ಮುಂದೆ ಹೋಗಲಿ, ದಾರಿ ಬಿಡಿಸೋಕೆ" ಎಂದಳು ಅವಳು.

ಲಾರಿ ನಡಿಗೆಯ ವೇಗದಲ್ಲಿ ಹೊರಟಿತು. ಐದು ಹೆಜ್ಜೆ ಹಿಂದೆ ಪೆಟ್ಟಿಗೆ. ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ಸಾಹೇಬನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನೋಡಿದವರು, ಪಾಪ, ಎಷ್ಟು ಹಚ್ಚಿಕೊಂಡಿದ್ದರು ಎಂದರು.

"ಒಂದು ನಿಮಿಷ ಇಳಿಸೋಣ" ಎಂದ ಧಣಿ.

"ನಮ್ಮ ಮನೇಲಿ ದಾರಿ ಮಧ್ಯ ಇಳಿಸೋ ಪದ್ಧತಿ ಇಲ್ಲ."

"ಯಾವಾಗಿಂದ?" ಎಂದು ಪಕ್ಕದ ಮನೆಯಾಕೆ ಪಿಸುಗುಟ್ಟಿದಳು.

"ಇವತ್ತಿಂದ."

ಏರಿನ ಕೆಳಗೆ ತಪಾಸಣೆ ದಳದ ಜೀಪು ಅಡ್ಡ ನಿಂತಿತ್ತು. ಕನ್ನಡಕದ ಅಧಿಕಾರಿಣಿ ಹಾರ ಹಾಕಿದ ಲಾರಿಯನ್ನು ಕಂಡು ಬಿಡುವಂತೆ ಕೈ ಆಡಿಸಿದಳು. ಆದರೆ ಡ್ರೈವರೇ ಲಾರಿ ನಿಲ್ಲಿಸಿದ. ಮಗಳು ಇಳಿದು ಹೋಗಿ ಆಸ್ಪತ್ರೆಯ ಹಾಳೆಯನ್ನು ಅವಳ ಕೈಗಿಟ್ಟಳು. ಗಾಜಿನ ಮೇಲಿನ ಚೀಟಿಯತ್ತ ಬೆರಳು ಮಾಡಿದಳು.

"ಆ ಮಂಗಳವಾರ ಹತ್ತೂ ನಲವತ್ತಕ್ಕೆ ನಮ್ಮಪ್ಪನ ಎರಡೂ ಕೈ ಮಂಚಕ್ಕೆ ಕಟ್ಟಿದ್ರು ಮೇಡಂ. ಇಲ್ಲಿ ಬರೆದಿದೆ, ಹೊತ್ತಿನ ಸಮೇತ."

ಅಧಿಕಾರಿಣಿ ಎರಡು ಸಲ ಅದನ್ನೂ ಇದನ್ನೂ ನೋಡಿದಳು. "ಈ ಚೀಟಿ ಕೊಟ್ಟೋರು ಎಲ್ಲಿ?"

"ಹಿಂದೆ ಬರ್ತಿದಾರೆ. ಪೆಟ್ಟಿಗೇಲಿ."

"ಮತ್ತೆ, ಕೊಡಿಸಿದೋರು?"

"ಪೆಟ್ಟಿಗೆ ಕೆಳಗೆ."

ಅಧಿಕಾರಿಣಿ ಹಿಂದಕ್ಕೆ ನಡೆದು ಬಂದಳು. ಸಾಹೇಬನನ್ನು ಗುರುತು ಹಿಡಿದಳು. ಸಾಹೇಬ ವಂದಿಸಲು ಕೈ ಎತ್ತಹೋದ, ಪೆಟ್ಟಿಗೆ ವಾಲಿತು. "ಹಿಡ್ಕೊಳ್ರೀ ಸರಿಯಾಗಿ!" ಎಂದು ಹಿಂದಿನವರು ಗದರಿದರು.

"ಮಣ್ಣು ಮುಗಿಸಿಕೊಂಡು ಬನ್ನಿ ಅಮ್ಮ, ಆಮೇಲೆ ಲಾರಿ ಟೆಸ್ಟ್ ಮಾಡ್ತೀವಿ" ಎಂದಳು ಅಧಿಕಾರಿಣಿ.

"ಈಗಲೇ ಮಾಡಿ" ಎಂದಳು ಮೇಷ್ಟ್ರ ಹೆಂಡತಿ. "ಅವರಿಗೇನೂ ಅವಸರ ಇಲ್ಲ."

ಮೆಷಿನ್ನು ಬಂತು. ನಳಿಗೆ ಕೊಳವೆಯೊಳಗೆ ಇಳಿಯಿತು. ಧಣಿ ಪಕ್ಕಕ್ಕೆ ಸರಿಯಲು ನೋಡಿದ. ಡ್ರೈವರುಗಳು ಎರಡೂ ಕಡೆ ಸಾಲಾಗಿ, ತಲೆ ಬಗ್ಗಿಸಿ, ಬಹಳ ಮರ್ಯಾದೆಯಿಂದ ನಿಂತಿದ್ದರು. ಒಬ್ಬನೂ ಜಾಗ ಬಿಡಲಿಲ್ಲ.

"ಪೂರ್ತಿ ಒತ್ತಪ್ಪ" ಎಂದಳು ಅಧಿಕಾರಿಣಿ.

ಮೇಷ್ಟ್ರ ಭಾವಮೈದುನ ಒತ್ತಿದ. ನುಂಗಲಿಲ್ಲ. ಹೊಗೆ ಗೋಡೆಯಂತೆ ಎದ್ದು, ಪೆಟ್ಟಿಗೆಯನ್ನೂ ಅದರ ಕೆಳಗಿನವರನ್ನೂ ಮುಚ್ಚಿತು. ಎರಡನೆಯ ಸಲಕ್ಕೆ ಒಳಗಿನಿಂದ ಯಾರೋ ಬೊಬ್ಬೆ ಹಾಕಲು ಬಾಯಿ ತೆರೆದ ಸದ್ದು ಬಂತು, ಬೊಬ್ಬೆ ಬರಲಿಲ್ಲ. ಮೂರನೆಯ ಸಲ ಅವನು ಕಾಲನ್ನು ಬೇಗ ಎತ್ತಲಿಲ್ಲ.

ಹೆಂಡತಿ ಗಾಳಿ ಬರುವ ಕಡೆ ನಿಂತು, ಮಡಿಸಿದ ಕಾಗದವನ್ನು ಅಧಿಕಾರಿಣಿಯ ಫೈಲಿನೊಳಗೆ ಸೇರಿಸಿದಳು. ಸೈನಿನ ಜಾಗ ಖಾಲಿಯಿತ್ತು.

ಎಂಜಿನ್ ನಿಂತಿತು. ಇಬ್ಬರು ಡ್ರೈವರುಗಳು ಮುಂದೆ ಬಂದು ಪೆಟ್ಟಿಗೆಯ ಮುಂಭಾಗವನ್ನು ತಮ್ಮ ಹೆಗಲಿಗೆ ತೆಗೆದುಕೊಂಡರು. ಧಣಿ ಅದರ ಕೆಳಗಿನಿಂದ ಹೊರಗೆ ಬಂದು, ಕಣ್ಣು ಬಿಡಲಾರದೆ, ಮೊಣಕಾಲೂರಿ ರಸ್ತೆಯ ಮೇಲೆ ಕೂತ. ಬೆವರಿಗೆ ಮಸಿ ಮೆತ್ತಿ ಅವನ ಮುಖ, ಎದೆ, ತೋಳು ಎಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದವು. ಪೆಟ್ಟಿಗೆ ಊರಿದ್ದ ಹೆಗಲಿನ ಮೇಲೆ ಮಾತ್ರ, ಹಲಗೆಯಷ್ಟೇ ಅಗಲದ ಒಂದು ಪಟ್ಟಿ, ಅಂಗಿ ಇನ್ನೂ ಬೆಳ್ಳಗಿತ್ತು.